ಮಾವನವರು ಉಪ್ಪು ಬಿಟ್ಟದ್ದು

ಮದುವೆಯಾಗಿ ಹುಮನಾಬಾದಿಗೆ ಬಂದ ಹೊಸತರಲ್ಲಿ ಮಾವನವರು ನನ್ನ ಓದಿನ ಬಗ್ಗೆ ಕೇಳಿದ್ದು ಒಂದೇ ಪ್ರಶ್ನೆ. ಎಂ.ಎಸ್ಸಿ.ಯಲ್ಲಿ ಯಾವ ವಿಷಯ? ರಸಾಯನಶಾಸ್ತ್ರ ಎಂದೆ. ಅಂದರೆ ಕೆಮಿಕಲ್ಲಾ ಎಂದು ಖಾತ್ರಿ ಮಾಡಿಕೊಂಡು ಮಗನ ಮುಖ ನೋಡಿದರು. ಬೀಗರು ಮುಚ್ಚಿಟ್ಟಿದ್ದ ಕಾಯಿಲೆ ಕೊನೆಗೂ ಹೊರಬಿತ್ತು ಎನ್ನುವ ನೋಟ ಅದು.

ಅವರದೂ ಪೂರ್ತಿ ತಪ್ಪೆನ್ನಲಾರೆ. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಕೆಲವು ಸಂಜೆ ಊರಾಚೆಯ ಕೆಮಿಕಲ್ ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದರೆ ಮೂಗಿಗೆ ಸೆರಗು ಹಿಡಿಯಬೇಕಾಗುತ್ತಿತ್ತು. ಧಾನ್ಯದ ಬಜಾರಿನಲ್ಲಿ ಅಂಗಡಿ ಇಟ್ಟುಕೊಂಡು ತೊಗರಿ, ಜೋಳದ ನಡುವೆಯೇ ಆಯುಷ್ಯ ಕಳೆದ ಮನುಷ್ಯನಿಗೆ 'ಕೆಮಿಕಲ್' ಎಂಬುದು ಬೈಗುಳವಾಗಿತ್ತು. ಸೊಸೆ ಮಾತ್ರ ದಿನಾ ಬಸ್ಸು ಹತ್ತಿ ಬಸವಕಲ್ಯಾಣದ ಕಾಲೇಜಿಗೆ ಹೋಗಿ ಆ ಬೈಗುಳವನ್ನೇ ಪಾಠ ಮಾಡಿ ಬರುತ್ತಿದ್ದಳು.

ಆಗಲೇ ಊರಿಗೆ ನಿಸರ್ಗ ಜೀವನದ ಶಿಬಿರವೊಂದು ಬಂತು. ಶುಭ್ರ ಬಿಳಿ ಬಟ್ಟೆಯ ಮಹನೀಯರೊಬ್ಬರು ಕಲ್ಯಾಣ ಮಂಟಪದಲ್ಲಿ ಕೂತು, ಬಿಳಿಯದೆಲ್ಲ ವಿಷ ಎಂದು ಸಾರಿದರು. ಸಕ್ಕರೆ ವಿಷ, ಮೈದಾ ವಿಷ, ಉಪ್ಪಂತೂ ನೇರ ಕಾರ್ಖಾನೆಯ ಕೆಮಿಕಲ್. ಬಟ್ಟೆಯ ಬಿಳುಪಿನ ಬಗ್ಗೆ ಅವರು ಏನೂ ಹೇಳಲಿಲ್ಲವಂತೆ. ಮಾವನವರು ಮನೆಗೆ ಬಂದವರೇ ಫರ್ಮಾನು ಹೊರಡಿಸಿದರು: ಇಂದಿನಿಂದ ತಮ್ಮ ತಾಟಿಗೆ ಉಪ್ಪು ಬೀಳಕೂಡದು, ಹೊಟ್ಟೆ ಶುದ್ಧಿಗೆ ಚೊಂಬುಗಟ್ಟಲೆ ನೀರು ಕುಡಿಯುವುದು.

ಅತ್ತೆ ಮಾವನವರ ಬ್ಯಾಳಿ ಸಾರನ್ನು ಬೇರೆ ಪಾತ್ರೆಯಲ್ಲಿ ಇಟ್ಟು, ನಮ್ಮದಕ್ಕೆ ಉಪ್ಪು ಹಾಕಿ, ನನ್ನ ಕಿವಿಯ ಹತ್ತಿರ ಹೇಳಿದರು:

"ಉಪ್ಪ ಕಮ್ಮಿ ಆಗ್ಯಾದಂತ ಜನ್ಮಪೂರ್ತಿ ತಾಟ ಸರಿಸಿದ ಮನಷ್ಯಾ ಈಗ ಉಪ್ಪೇ ಬ್ಯಾಡ ಅಂತಾನ. ಮೊದಲೇ ಹೇಳಿದ್ರ ನನಗೆಷ್ಟ ಬೈಗಳ ಉಳೀತಿತ್ತು."

ಸುಮ್ಮನಿರುವ ಜಾಣತನವನ್ನು ಎಂ.ಎಸ್ಸಿ.ಯಲ್ಲಿ ಕಲಿಸಿರಲಿಲ್ಲ. ಊಟಕ್ಕೆ ಕೂತಾಗ ನಾನು ಶುರುಮಾಡಿದೆ. ನೀರೂ ಒಂದು ರಾಸಾಯನಿಕವೇ ಎಂದೆ. ಜೋಳದ ರೊಟ್ಟಿಯನ್ನು ಚೆನ್ನಾಗಿ ಅಗಿದರೆ ಸಿಹಿಯಾಗುವುದು ಜೊಲ್ಲಿನಲ್ಲಿರುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಎಂದೆ. ಉಪ್ಪಿನಲ್ಲಿರುವ ಸೋಡಿಯಂ ಇಲ್ಲದೆ ನರಗಳು ಮಿದುಳಿಗೆ ಸುದ್ದಿ ಮುಟ್ಟಿಸಲಾರವು, ಅದು ಇಳಿದುಹೋದರೆ ಜೀವಕೋಶಗಳು ನೀರು ಕುಡಿದು ಉಬ್ಬುತ್ತವೆ ಎಂದೆ. ಕಾಲೇಜಿನಲ್ಲಿ ಇಷ್ಟು ಹೇಳಿದ್ದರೆ ಹಿಂದಿನ ಬೆಂಚಿನಲ್ಲಿ ಒಬ್ಬಿಬ್ಬರಾದರೂ ಆಕಳಿಸುತ್ತಿದ್ದರು. ಮಾವನವರು ಅಷ್ಟೂ ಗೌರವ ಕೊಡದೆ ರೊಟ್ಟಿ ಮುರಿಯುತ್ತ, "ನನ್ನ ಮೈಯಾಗ ಕೆಮಿಕಲ್ ಇಲ್ಲವ್ವಾ, ರಕ್ತ ಅದ," ಎಂದರು.

ಇಷ್ಟಾದರೂ ರಕ್ತದೊತ್ತಡದ ಗುಳಿಗೆಯನ್ನು ಅವರು ಬಿಟ್ಟಿರಲಿಲ್ಲ. ಮೈಯೊಳಗಿನ ಉಪ್ಪನ್ನೂ ನೀರನ್ನೂ ಮೂತ್ರದ ದಾರಿಯಲ್ಲಿ ಹೊರಹಾಕುವ ಗುಳಿಗೆ ಅದು. ಅದೂ ಕೆಮಿಕಲ್ ಅಲ್ಲವೇ ಎಂದು ಮಗ ಕೇಳಿದ್ದಕ್ಕೆ, ಡಾಕ್ಟರು ಕೊಟ್ಟರೆ ಅದು ಔಷಧವಾಗುತ್ತದೆ ಎಂಬ ಉತ್ತರ ಬಂತು. ಉಪ್ಪು ಒಳಗೆ ಹೋಗುವ ಬಾಗಿಲಿಗೆ ಶಿಬಿರದ ಮಹನೀಯರು ಬೀಗ ಹಾಕಿದ್ದರು, ಹೊರಗೆ ಹೋಗುವ ಬಾಗಿಲನ್ನು ಡಾಕ್ಟರು ತೆರೆದಿಟ್ಟಿದ್ದರು. ಇಬ್ಬರಿಗೂ ಪರಸ್ಪರ ಪರಿಚಯವಿರಲಿಲ್ಲ. ಮಾವನವರಂತೂ ಇಬ್ಬರ ಮಾತನ್ನೂ ಭಕ್ತಿಯಿಂದ ಪಾಲಿಸುತ್ತಿದ್ದರು.

ನಮ್ಮ ಕಡೆಯ ಬೇಸಿಗೆ ಬಂತು. ಬಜಾರಿನ ತಗಡಿನ ಕೆಳಗೆ ಬೆವರು ಸುರಿಸಿ ಬಂದು ಅವರು ನೀರು ಕುಡಿದರು, ಮತ್ತೆ ಬೆವರಿ ಮತ್ತೆ ಕುಡಿದರು. ತಲೆನೋವು ಹತ್ತಿತು. ಕಾಲಿನ ಮೀನಖಂಡ ಹಿಡಿದುಕೊಳ್ಳತೊಡಗಿತು. ಶಿಬಿರದವರಿಗೆ ಫೋನು ಮಾಡಿದರೆ, ಹಳೆಯ ವಿಷ ಹೊರಬೀಳುತ್ತಿದೆ, ಸಂತೋಷಪಡಿ ಎಂಬ ಅಪ್ಪಣೆಯಾಯಿತು. ಮಾವನವರು ನರಳುತ್ತಲೇ ಸಂತೋಷಪಟ್ಟರು. ದುಬಲಗುಂಡಿಯಿಂದ ಮಾಲು ತಂದ ಹಳೆಯ ರೈತರೊಬ್ಬರನ್ನು, ಎಷ್ಟೋ ವರ್ಷದ ಪರಿಚಯದವರನ್ನು, ನೀವು ಯಾವೂರವರು ಎಂದು ಕೇಳಿದರಂತೆ. ಆ ಮನುಷ್ಯ ಅವಮಾನವಾಗಿ ಪಕ್ಕದ ಅಂಗಡಿಗೆ ಹೋದ.

ಒಂದು ರವಿವಾರ ಮಧ್ಯಾಹ್ನ ಅವರು ಊಟಕ್ಕೆ ಬಂದು ಬಾಗಿಲಲ್ಲೇ ನಿಂತರು. ನಾನು ನೀರು ತಂದುಕೊಟ್ಟೆ. ನನ್ನನ್ನು ಬಹಳ ಹೊತ್ತು ನೋಡಿ, ಅಪರಿಚಿತರೊಡನೆ ಮಾತಾಡುವ ಮರ್ಯಾದೆಯಿಂದ ಕೇಳಿದರು:

"ನೀವು ಯಾರ ಪೈಕಿರಿ?"

ನನ್ನ ವ್ಯಂಗ್ಯವೆಲ್ಲ ಆ ಹೊಸ್ತಿಲಲ್ಲೇ ಸತ್ತಿತು. ಅತ್ತೆ ಒಳಗಿನಿಂದ ಓಡಿಬಂದರು. ಅಷ್ಟರಲ್ಲಿ ಮಾವನವರು ವಾಂತಿ ಮಾಡಿಕೊಂಡು ಗೋಡೆ ಹಿಡಿದು ಕುಸಿದರು. ನಾನೂ ನನ್ನವರೂ ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಒಯ್ದೆವು. ಅತ್ತೆ ದಾರಿಯುದ್ದಕ್ಕೂ ಅವರ ಅಂಗೈ ಉಜ್ಜುತ್ತ, ತಾನು ಕದ್ದಾದರೂ ಚಿಟಿಕೆ ಉಪ್ಪು ಹಾಕಬೇಕಿತ್ತು ಎಂದು ಗೊಣಗುತ್ತಿದ್ದರು.

ಅಲ್ಲಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿದಿತ್ತು. ಗುಳಿಗೆ ನಿಲ್ಲಿಸಿ, ನೀರಿಗೆ ಮಿತಿ ಹಾಕಿ, ಬಾಟಲಿ ಏರಿಸಿದರು. ಅವಸರ ಮಾಡಿದರೆ ಮಿದುಳಿಗೆ ಪೆಟ್ಟಾಗುತ್ತದೆ, ನಿಧಾನ ಏರಬೇಕು ಎಂದರು. ನಾವು ಹನಿ ನೋಡುತ್ತ ಕೂತೆವು. ಈ ವಿಷಯವನ್ನು ಎಷ್ಟೋ ಸಲ ಪಾಠ ಮಾಡಿದ್ದೆ, ಪರೀಕ್ಷೆಗೆ ಪ್ರಶ್ನೆಯಾಗಿ ಕೊಟ್ಟಿದ್ದೆ. ಅದಕ್ಕೆ ಕೈಮುಗಿದು ಕೂತದ್ದು ಅದೇ ಮೊದಲು.

ಮರುದಿನ ಅವರಿಗೆ ನಮ್ಮೆಲ್ಲರ ಗುರುತು ಹತ್ತಿತು. ಮೊದಲು ಗದರಿದ್ದು ಅತ್ತೆಯನ್ನು, ಅಂಗಡಿಯ ಕೀಲಿ ಎಲ್ಲಿಟ್ಟಿ ಎಂದು. ಅತ್ತೆ ಸಮಾಧಾನದಿಂದ ಅತ್ತರು. ಆಮೇಲೆ ಮಾವನವರು ಬಾಟಲಿ ತೋರಿಸಿ, ಏನು ಔಷಧ ಇದು ಎಂದು ಡಾಕ್ಟರನ್ನು ಕೇಳಿದರು.

"ಉಪ್ಪು ನೀರ್ರಿ," ಎಂದರು ಡಾಕ್ಟರು. "ಬ್ಯಾರೆ ಏನಿಲ್ಲ."

ಮಾವನವರು ಗೋಡೆಯ ಕಡೆ ಹೊರಳಿ ಮಲಗಿದರು.

ಅವರು ಇನ್ನು ಉಪ್ಪಿನ ಸುದ್ದಿ ಎತ್ತುವುದಿಲ್ಲ ಎಂದುಕೊಂಡಿದ್ದೆ. ಆದದ್ದೇ ಬೇರೆ. ಎರಡು ಸಾವಿರದ ಇಸವಿಯ ಈಚೆಗೆ ನಮ್ಮ ಬಜಾರಿನಲ್ಲಿ ಸೋಡಿಯಂ ವಿಷಯಕ್ಕೆ ಮಾವನವರೇ ಪ್ರಾಧ್ಯಾಪಕರಾದರು. ಮಾಲು ತೂಗುವ ಹಮಾಲರಿಗೆ, ಚಹಾದವನಿಗೆ, ಮೋರಖಂಡಿಯಿಂದ ಬಂದ ಬೀಗರಿಗೆ ನರ, ಮಿದುಳು, ಉಪ್ಪಿನ ಪಾಠವಾಗುತ್ತಿತ್ತು. ಅರ್ಧ ತಪ್ಪು, ಆದರೆ ಯಾರೂ ಆಕಳಿಸುತ್ತಿರಲಿಲ್ಲ. ಒಮ್ಮೆ ನಾನು ತಿದ್ದಲು ಹೋದಾಗ, ನೀನು ಓದಿದ್ದು, ನಾನು ಅನುಭವಿಸಿದ್ದು ಎಂದು ಬಾಯಿ ಮುಚ್ಚಿಸಿದರು.

ಒಂದು ಸಂಜೆ ಮಾತ್ರ ನಾನು ಕಾಲೇಜಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ, ಕಟ್ಟೆಯ ಮೇಲೆ ಕೂತಿದ್ದ ಮಾವನವರು ಮೆಲ್ಲಗೆ ಕರೆದರು.

"ಆವತ್ತ ನಿನ್ನ ಗುರ್ತ ಹತ್ತಲಿಲ್ಲ ನನಗ. ಚಿಟಿಕಿ ಉಪ್ಪಿಗಿ ಮನಿ ಮಂದಿ ಮರೀತಾರೇನವ್ವಾ?"

"ಮರೀತಾರ್ರಿ ಮಾವ."

"ಹಂಗಾದ್ರ ನೆನಪೂ ಕೆಮಿಕಲ್ಲೇ?"

ನರಕೋಶ, ಸಂಕೇತ ಎಂದು ಏನೋ ಶುರುಮಾಡಿದೆ. ಅವರ ಮುಖದಲ್ಲಿ ನಿಜವಾದ ಹೆದರಿಕೆ ಇತ್ತು. ಪಾಠ ಅಲ್ಲಿಗೇ ನಿಂತಿತು. ಅದು ಪೂರ್ತಿ ಯಾರಿಗೂ ಗೊತ್ತಿಲ್ಲರಿ, ನನಗೂ ಗೊತ್ತಿಲ್ಲ ಎಂದೆ.

ಅವರು ಹಗುರಾದರು. ಬಹಳ ದಿನದ ಮೇಲೆ ಮುಖದಲ್ಲಿ ಹಳೆಯ ಗೆಲುವು ಕಂಡಿತು.

"ಎಂ.ಎಸ್ಸಿ. ಮಾಡಿ ಇಷ್ಟೂ ಗೊತ್ತಿಲ್ಲೇನು?" ಎಂದು ಒಳಗಿದ್ದ ಅತ್ತೆಗೂ ಕೇಳುವಂತೆ ಹೇಳಿ, ಸೊಸೆಗೆ ಚಹಾ ಕೊಡು, ದಣಿದು ಬಂದಾಳ ಎಂದರು.