ಅಕ್ಕನ ಬ್ಯಾಟರಿಗೆ ಎಲ್‌ಇಡಿ ಬಲ್ಬು

ಇವತ್ತು ಬೆಳಿಗ್ಗೆ ಗಿರಾಕಿಯೊಬ್ಬರು ಹಳೆಯ ಸ್ಟೀಲ್ ಬ್ಯಾಟರಿಯೊಂದನ್ನು ತಂದು ಮೇಜಿನ ಮೇಲಿಟ್ಟರು. ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಅಂತಲೇ ಹೆಸರು. ಒಳಗೆ ಹಾಕುವುದು ಶೆಲ್ಲು. ಹಿಂಬದಿಯ ಮುಚ್ಚಳ ತಿರುಗಿಸಿದೆ. ತುಕ್ಕು, ಸೋರಿದ ಶೆಲ್ಲು ಎರಡೂ ಸೇರಿದ ಆ ಹುಳಿ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಮಲ್ಲಿಗೆಯ ಪರಿಮಳಕ್ಕೆ ಅಕ್ಕ ನೆನಪಾಗಬಹುದು. ನನಗೆ ಇದಕ್ಕೆ ನೆನಪಾಗುತ್ತಾಳೆ, ಏನು ಮಾಡಲಿ ಹೇಳಿ.

ನಾನು ಏಳನೇ ಕ್ಲಾಸಿಗೇ ಪುಸ್ತಕ ಮುಚ್ಚಿದವನು. ಸಾಗರದಲ್ಲಿ ಮಿಕ್ಸಿ, ಫ್ಯಾನು, ಬ್ಯಾಟರಿ ರಿಪೇರಿ ಮಾಡುತ್ತೇನೆ. ಓದು ಕಡಿಮೆಯಾದರೂ ಸೊಕ್ಕಿಗೆ ಕೊರತೆಯಿಲ್ಲ. ಅಕ್ಕ ಇರುವುದು ಹೊಸನಗರದ ಆಚೆ. ಬೆಳಕು ಮಂಕಾಯಿತೆಂದು ಹೋದ ವರ್ಷ ತನ್ನ ಬ್ಯಾಟರಿಯನ್ನು ಬಸ್ಸಿಗೆ ಕೊಟ್ಟು ಕಳಿಸಿದಳು. ನಮ್ಮಲ್ಲಿ ಹಾಗೇ, ಕಂಡಕ್ಟರ್ ಕೈಗಿಟ್ಟರೆ ಉಪ್ಪಿನಕಾಯಿಯೂ ಬರುತ್ತದೆ, ಜಾತಕವೂ ಹೋಗುತ್ತದೆ. ದೂರದ ದಾರಿಯೇನಲ್ಲ. ಆದರೂ ವರ್ಷಗಟ್ಟಲೆ ನನ್ನ ಬದಲಿಗೆ ಆ ಬಸ್ಸೇ ಅಕ್ಕನ ಊರಿಗೆ ಹೋಗಿಬರುತ್ತಿತ್ತು.

ಹಳೇ ಬಲ್ಬು ತೆಗೆದು ಎಲ್‌ಇಡಿ ಕೂರಿಸಿದೆ. ನನ್ನ ಶೆಲ್ಲು ಹಾಕಿ ಗೋಡೆಗೆ ಬೆಳಕು ಬಿಟ್ಟೆ. ನನಗೆ ನಾನೇ ಶಭಾಶ್ ಹೇಳಿಕೊಂಡು, ಶೆಲ್ಲು ತೆಗೆದು, ಬಸ್ಸಿಗೆ ಕೊಟ್ಟೆ. ಸಂಜೆ ಅಕ್ಕನ ಫೋನು.

"ಎಂತದೋ ಮಾರಾಯ, ಇದು ಹತ್ತೋದೇ ಇಲ್ಲ."

"ಹೊಸ ಶೆಲ್ಲು ಹಾಕು."

"ಹೊಸದೇ ಕಣೋ."

ಬ್ಯಾಟರಿ ಮತ್ತೆ ಬಸ್ಸು ಹತ್ತಿ ಬಂತು. ನನ್ನ ಕೈಯಲ್ಲಿ ಹತ್ತಿತು. ಅಲ್ಲಿಗೆ ಹೋದಮೇಲೆ ಮತ್ತೆ ಮುನಿಸಿಕೊಂಡಿತು. "ಇದಕ್ಕೊಂದು ಪಾಸ್ ಮಾಡಿಸಿಬಿಡಿ" ಎಂದು ಕಂಡಕ್ಟರೂ ನಕ್ಕರು. ಮುಂದಿನ ಫೋನು ಬಂದಾಗ ಅಂಗಡಿ ತುಂಬ ಜನ. ಅವರೆದುರು ದೊಡ್ಡ ಮೆಕ್ಯಾನಿಕ್ಕಿನ ಹಾಗೆ, "ಬಟನ್ ಒತ್ತಕ್ಕೂ ಬರಲ್ವಾ ನಿಂಗೆ? ಚಿಮಣಿ ಬುಡ್ಡಿ ಹಚ್ಕೋ ಹೋಗು" ಎಂದುಬಿಟ್ಟೆ. ಎಲ್ಲರೂ ನಕ್ಕರು. ಆ ನಗು ಫೋನಿನಲ್ಲಿ ಅವಳಿಗೂ ಕೇಳಿಸಿತು.

"ಆಯ್ತು ಬಿಡು" ಎಂದು ಇಟ್ಟಳು.

ಆಮೇಲೆ ಫೋನೇ ಇಲ್ಲ. ದನ ಕೆಮ್ಮಿದರೂ ಫೋನು ಮಾಡಿ ನನ್ನ ತಲೆ ತಿನ್ನುತ್ತಿದ್ದವಳು! ಚಿಕ್ಕವನಿದ್ದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ನಾನು ಮಾಡಿದರೂ ಎತ್ತಲಿಲ್ಲ. ತಡೆಯಲಾರದೆ ಒಂದು ಭಾನುವಾರ ನಾನೇ ಬಸ್ಸು ಹತ್ತಿದೆ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಕಾಫಿ ಕುಡೀತ್ಯಾ?"

"ಮೊದ್ಲು ಬ್ಯಾಟರಿ ತಾ. ಶೆಲ್ಲು ನೀನೇ ಹಾಕು, ನೋಡ್ತೀನಿ."

ಹಾಕಿದಳು. ಚಪ್ಪಟೆ ತಳ ಬಲ್ಬಿನ ಕಡೆಗೆ, ಉಬ್ಬಿದ ಮೂತಿ ಹಿಂದಕ್ಕೆ. ಅಪ್ಪನೂ ಹೀಗೇ ಹಾಕುತ್ತಿದ್ದರು. ಹಳೇ ಬಲ್ಬಿಗೆ ಶೆಲ್ಲು ಹೇಗೆ ಮಲಗಿದರೂ ನಡೆಯುತ್ತದೆ. ಎಲ್‌ಇಡಿಗೆ ಮೂತಿ ಬಲ್ಬಿನ ಕಡೆಗೇ ಬೇಕು. ಅದನ್ನು ಹೇಳಬೇಕಾದವನು ನಾನು. ಹೇಳದೇ, ಮೇಲಿಂದ ನಗಾಡಿದ್ದೆ.

"ತಪ್ಪು ನಂದೇ ಅಕ್ಕ. ಇದಕ್ಕೆ ಮೂತಿ ಮುಂದೆ ಬರ್ಬೇಕು ಅಂತ ನಾನು ಹೇಳ್ಲೇ ಇಲ್ಲ. ಜನರೆದುರು ಹಂಗೆ ಅನ್ಬಾರ್ದಿತ್ತು."

ಅವಳು ಶೆಲ್ಲು ತಿರುಗಿಸಿ ಹಾಕಿಕೊಂಡಳು. "ಬಟನ್ ಒತ್ತಕ್ಕೆ ಬರತ್ತಾ ಇಲ್ವಾ, ನೋಡೀಗ!" ಎಂದು ನನ್ನ ಮುಖಕ್ಕೇ ಬೆಳಕು ಬಿಟ್ಟಳು. ನನ್ನ ಕಣ್ಣು ಕೋರೈಸಿತು. ಬೆಳಕಿನ ಹಿಂದಿನಿಂದ ಅವಳ ದನಿ ಮಾತ್ರ ಕೇಳಿಸಿತು: "ಅಯ್ಯೋ, ತಲೆಯೆಲ್ಲಾ ಬೆಳ್ಳಗಾಗಿದ್ಯಲ್ಲೋ! ಯಾವಾಗಾಯ್ತೋ ಇದು?"

ಇವತ್ತು ಬೆಳಗಿನ ಗಿರಾಕಿಗೂ ಎಲ್‌ಇಡಿಯನ್ನೇ ಕೂರಿಸಿದೆ. ಅವರ ಕೈಯಿಂದಲೇ ಶೆಲ್ಲು ಹಾಕಿಸಿ, ಹತ್ತಿಸಿ ತೋರಿಸಿ ಕಳಿಸಿದೆ. ಅಷ್ಟರಲ್ಲಿ ಅಕ್ಕನ ಫೋನು.

"ಮಿಕ್ಸಿ ತಿರುಗ್ತಾನೇ ಇಲ್ಲ ಕಣೋ. ಬಸ್ಸಿಗೆ ಕೊಡ್ಲಾ?"

"ಬೇಡ, ನಾನೇ ಬರ್ತೀನಿ."

"ಹಂಗಾದ್ರೆ ಬೇಗ ಬಾ. ಪತ್ರೊಡೆಗೆ ಈಗಷ್ಟೇ ರುಬ್ಬಿಟ್ಟೆ."

ತಿರುಗದ ಮಿಕ್ಸಿಯಲ್ಲಿ ರುಬ್ಬಿದ್ದು ಹೇಗೆ ಎಂದು ನಾನು ಕೇಳಲಿಲ್ಲ. ಅಂಗಡಿಯ ಬಾಗಿಲು ಎಳೆದೆ.