ಹೆಂಡತಿಯ ರಜೆ, ಗಂಡನ ಠರಾವು

ಸರ್ಕಾರಿ ಶಾಲೆಗಳ ಉದ್ಧಾರದ ಬಗ್ಗೆ ನನಗೆ ಮೊದಲ ಬಾರಿಗೆ ತೀವ್ರವಾದ ಕಾಳಜಿ ಹುಟ್ಟಿದ್ದು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಎರಡು ಗಂಟೆ ಹತ್ತು ನಿಮಿಷಕ್ಕೆ. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆಗ ನಾನು ಗಡಿಯಾರ ನೋಡಿದೆ. ತಲೆಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ, ಮೊಣಕಾಲಲ್ಲಿ ಕಡ್ಡಿ ಗೀರಿದ ಗಾಯ. ರೇಷ್ಮೆ ಹುಳುಮನೆಗೆ ಹೋಗುವ ಮುನ್ನ ಒಂದು ಲೋಟ ನೀರು ಕುಡಿಯೋಣವೆಂದು ಹೊರೆ ಇಳಿಸಿ ಒಳಗೆ ಬಂದರೆ, ನನ್ನ ಹೆಂಡತಿ ರತ್ನ ಫ್ಯಾನಿನ ಕೆಳಗೆ ಚಾಪೆ ಹಾಸಿಕೊಂಡು ಮಲಗಿದ್ದಳು. ಎದೆಯ ಮೇಲೆ ಅರ್ಧ ಓದಿದ ಕಾದಂಬರಿ ಬೋರಲಾಗಿತ್ತು. ಬಾಯಿ ತುಸು ತೆರೆದಿತ್ತು. ಅಷ್ಟು ಸೊಗಸಾಗಿ ನಿದ್ದೆ ಮಾಡುವವರನ್ನು ಕಂಡರೆ ಯಾರಿಗಾದರೂ ದೇಶದ ಭವಿಷ್ಯದ ಚಿಂತೆ ಬರುತ್ತದೆ. ನನಗೂ ಬಂತು. ಈ ದೇಶದಲ್ಲಿ ಶಾಲೆಗೆ ರಜೆ ಜಾಸ್ತಿಯಾಯಿತು ಎಂದುಕೊಂಡೆ.

ರತ್ನ ನಮ್ಮೂರ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕಿ. ಕೈಲಾಂಚದಿಂದ ಒಳಗೆ ಹೋದರೆ ಸಿಗುವ ಸಣ್ಣ ಊರು ನಮ್ಮದು, ಶಾಲೆಯೂ ಸಣ್ಣದು. ಐದನೇ ತರಗತಿಯವರೆಗೆ ಇಪ್ಪತ್ತಮೂರು ಮಕ್ಕಳು, ಇಬ್ಬರು ಟೀಚರು. ಆ ಇಪ್ಪತ್ತಮೂರರಲ್ಲಿ ನಾಲ್ಕನೇ ತರಗತಿಯ ನಮ್ಮ ಮಗಳೂ ಒಬ್ಬಳು. ನಾನು ಬಿ.ಎ. ಓದಿ, ರಾಮನಗರದ ಬಸ್ ನಿಲ್ದಾಣದ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟು, ಜನರೆಲ್ಲ ಫೋನಿನಲ್ಲೇ ಕಾಗದ ಕಳಿಸುವುದನ್ನು ಕಲಿತ ಮೇಲೆ ಅಂಗಡಿ ಮುಚ್ಚಿ, ಅಪ್ಪನ ಹಿಪ್ಪುನೇರಳೆ ತೋಟಕ್ಕೆ ಮರಳಿದವನು. ರೇಷ್ಮೆ ಹುಳು ಸಾಕುವುದನ್ನು ಕಲಿಸಿದ್ದೂ ರತ್ನಳೇ. ಅವಳ ತವರಿನಲ್ಲಿ ಮೂರು ತಲೆಮಾರಿನಿಂದ ಹುಳು ಮೇಯಿಸಿದ್ದಾರೆ.

ಈಗ ಇಬ್ಬರ ಕೆಲಸವನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಅವಳಿಗೆ ಭಾನುವಾರ ಇದೆ, ದಸರೆ ಇದೆ, ಬೇಸಿಗೆ ಇದೆ, ಯಾರಾದರೂ ದೊಡ್ಡವರು ತೀರಿಕೊಂಡರೆ ಅದೂ ಇದೆ. ನನ್ನ ಹುಳುವಿಗೆ ಭಾನುವಾರವೆಂದರೆ ಏನೆಂದು ಗೊತ್ತಿಲ್ಲ. ಯುಗಾದಿಯ ದಿನ ಎಣ್ಣೆ ಹಚ್ಚಿಕೊಂಡು ಕೂತಿದ್ದರೂ ಅದಕ್ಕೆ ಹೊತ್ತಿಗೆ ಸರಿಯಾಗಿ ಸೊಪ್ಪು ಬೇಕು. ಸಂತೆಯಲ್ಲಿ ಸಿಕ್ಕವರೆಲ್ಲ, "ನಿಮ್ಮನೆಯೋರಿಗೇನ್ ಬುಡಿ, ರಜವೋ ರಜ" ಎನ್ನುತ್ತಾರೆ. ನಾನು ಹಲ್ಲು ಬಿಡುತ್ತೇನೆ. ಒಳಗೆ ಧಗಧಗ ಅನ್ನುತ್ತಿರುತ್ತದೆ. ಪಕ್ಕದ ಮನೆಯವನ ಮೇಲಿನ ಹೊಟ್ಟೆಕಿಚ್ಚಾದರೆ ಬಾಗಿಲು ಹಾಕಿಕೊಂಡು ಆರಿಸಿಕೊಳ್ಳಬಹುದು. ಹೆಂಡತಿಯ ಮೇಲೆ ಹುಟ್ಟಿದರೆ ಅವಳೇ ಬಡಿಸಿದ ಮುದ್ದೆಯನ್ನು ಅದರ ಮೇಲೇ ನುಂಗಬೇಕು.

ಹೊಟ್ಟೆಕಿಚ್ಚು ಹಾಗೇ ಬರಿಮೈಯಲ್ಲಿ ಹೊರಗೆ ಬರುವುದಿಲ್ಲ, ಒಳ್ಳೆಯ ಬಟ್ಟೆ ಉಟ್ಟುಕೊಂಡೇ ಬರುತ್ತದೆ. ನನ್ನದು ಶಿಕ್ಷಣ ಚಿಂತಕನ ವೇಷದಲ್ಲಿ ಬಂತು. ರಾಮನಗರದ ಗೂಡಿನ ಮಾರುಕಟ್ಟೆಯ ಎದುರು ಟೀ ಕುಡಿಯುತ್ತಾ, "ಹೊರದೇಶದಲ್ಲಿ ಮಕ್ಕಳು ವರ್ಷಕ್ಕೆ ಎಷ್ಟು ದಿನ ಶಾಲೆಗೆ ಹೋಯ್ತಾರೆ ಗೊತ್ತಾ?" ಎಂದು ಕೇಳುತ್ತಿದ್ದೆ. ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಆದ್ದರಿಂದ ಮಾತು ಯಾವ ಅಡ್ಡಿಯೂ ಇಲ್ಲದೆ ಸಾಗುತ್ತಿತ್ತು. ಖಾಸಗಿ ಶಾಲೆಗಳು ಬೇಸಿಗೆಯಲ್ಲೂ ಕ್ಯಾಂಪು ಮಾಡುತ್ತವೆ, ನಮ್ಮ ಮಕ್ಕಳು ಮಾತ್ರ ಹುಣಸೆ ಮರಕ್ಕೆ ಕಲ್ಲು ಹೊಡೆದುಕೊಂಡು ಕಲಿತದ್ದನ್ನು ಮರೆಯುತ್ತವೆ, ದಿನ ಜಾಸ್ತಿ ಮಾಡಿದರೆ ಕಲಿಕೆಯೂ ಜಾಸ್ತಿಯಾಗುತ್ತದೆ ಎಂಬುದು ನನ್ನ ವಾದ. ಬಸ್ಸಿನಲ್ಲಿ ಪಕ್ಕ ಕೂತವರೂ ತಲೆದೂಗುತ್ತಿದ್ದರು. ಮೇಷ್ಟರುಗಳ ರಜೆ ಕಡಿಮೆ ಮಾಡಬೇಕು ಎಂದರೆ ಬೇಡ ಅನ್ನುವವರು ಈ ನಾಡಿನಲ್ಲಿ ಮೇಷ್ಟರುಗಳು ಮಾತ್ರ.

ಮನೆಯಲ್ಲೂ ಒಮ್ಮೆ ವಾದ ಮಂಡಿಸಿದೆ. ಹಿಂದಿನ ಕಾಲದ ಗುರುಕುಲಗಳಲ್ಲಿ ಹೀಗೆ ತಿಂಗಳುಗಟ್ಟಲೆ ರಜೆ ಇತ್ತೇನು ಎಂದೆ. ರತ್ನ ಅಕ್ಕಿ ಆರಿಸುತ್ತಾ, ಆ ಕಾಲದಲ್ಲಿ ಅನಧ್ಯಾಯ ಎಂದೇ ಒಂದು ಪಟ್ಟಿ ಇತ್ತು ಎಂದಳು. ಅಮಾವಾಸ್ಯೆಗೆ ಪಾಠವಿಲ್ಲ, ಪಾಡ್ಯಕ್ಕೆ ಪಾಠವಿಲ್ಲ, ಗುಡುಗಿದರೆ ಇಲ್ಲ, ಧೂಳು ಎದ್ದರೆ ಇಲ್ಲ, ಮನೆಗೆ ಅತಿಥಿ ಬಂದರೆ ಇಲ್ಲ. ನರಿ ಊಳಿಟ್ಟರೆ, ಕತ್ತೆ ಅರಚಿದರೆ ಕೂಡ ಓದು ನಿಲ್ಲಿಸಬೇಕಿತ್ತಂತೆ. ಹೇಳಿ ಮುಗಿಸಿ ನನ್ನನ್ನೇ ಒಂದು ಗಳಿಗೆ ನೋಡಿದಳು. ಕೊನೆಯ ಪ್ರಾಣಿಯ ಹೆಸರನ್ನು ಯಾಕೆ ಅಷ್ಟು ಒತ್ತಿ ಹೇಳಿದಳೋ, ನಾನು ವಿಚಾರಿಸಲು ಹೋಗಲಿಲ್ಲ.

ಮುಂದಿನ ವರ್ಷ ಮಗಳ ತಂದೆ ಎಂಬ ಅರ್ಹತೆಯ ಮೇಲೆ ಶಾಲೆಯ ಮೇಲುಸ್ತುವಾರಿ ನೋಡುವ ಎಸ್‌ಡಿಎಂಸಿ ಸಮಿತಿಗೆ ಸದಸ್ಯನಾದೆ. ಮಾರ್ಚ್ ತಿಂಗಳ ಸಭೆಯಲ್ಲಿ ಎದ್ದು ನಿಂತು ಮಾತಾಡಿದೆ. ಇಲಾಖೆಯ ರಜೆಗೆ ನಾವು ಕೈ ಹಾಕುವ ಹಾಗಿಲ್ಲ, ಆದರೆ ಬೇಸಿಗೆಯಲ್ಲಿ ಇಪ್ಪತ್ತು ದಿನ, ಬೆಳಿಗ್ಗೆ ಎಂಟರಿಂದ ಹನ್ನೊಂದೂವರೆವರೆಗೆ ವಿಶೇಷ ತರಗತಿ ನಡೆಸಬಹುದಲ್ಲ ಎಂದೆ. ಅಧ್ಯಕ್ಷ ರಾಜಣ್ಣ ಬಿಡದಿಯ ಕಾರ್ಖಾನೆಗೆ ಪಾಳಿಯ ಮೇಲೆ ಹೋಗುವವನು. "ನಮ್ಗಂತೂ ಹಬ್ಬಕ್ಕೂ ರಜ ಸಿಕ್ಕಲ್ಲ. ಮಾಡ್ಲಿ ಬುಡಿ" ಎಂದ. ಮೊಮ್ಮಗಳು ಸಿಂಚನಳ ಪರವಾಗಿ ಸಮಿತಿಯಲ್ಲಿದ್ದ ಕೆಂಪಮ್ಮಜ್ಜಿ, "ಮನೇಲಿದ್ರೆ ಆ ಮಗು ಟೀವಿ ಮುಂದಿಂದ ಏಳಕ್ಕಿಲ್ಲ" ಎಂದು ಕೈ ಎತ್ತಿದಳು. ಉಳಿದವರೂ ಎತ್ತಿದರು. ತನ್ನ ರಜೆಯನ್ನು ಕಿತ್ತುಕೊಳ್ಳುವ ಠರಾವನ್ನು ನಡವಳಿ ಪುಸ್ತಕದಲ್ಲಿ ಬರೆಯಬೇಕಾದವಳು ಮುಖ್ಯ ಶಿಕ್ಷಕಿಯಾದ ರತ್ನಳೇ. ಗುಂಡಗೆ ಬರೆಯುತ್ತಾ ಒಂದೇ ಪ್ರಶ್ನೆ ಕೇಳಿದಳು. "ಕಾರಣ ಏನಂತ ಬರೀಲಿ ಸದಸ್ಯರೇ?"

"ಕಲಿಕೆಯ ಗುಣಮಟ್ಟ" ಎಂದೆ. ಎರಡು ಗಂಟೆ ಹತ್ತು ನಿಮಿಷ ಎಂದು ಹೇಳಲಾಗುತ್ತದೆಯೇ?

ಏಪ್ರಿಲ್‌ನಲ್ಲಿ ತರಗತಿ ಶುರುವಾಯಿತು. ಏಳೂವರೆಗೆ ಅಮ್ಮ ಮಗಳು ಇಬ್ಬರೂ ಚೀಲ ನೇತುಹಾಕಿಕೊಂಡು ಹೊರಡುತ್ತಿದ್ದರು. ರತ್ನ ಸಪ್ಪೆ ಮುಖ ಹೊತ್ತು ಬರುತ್ತಾಳೆ, ನನ್ನ ಸಂಕಟ ಅವಳಿಗೂ ಅರ್ಥವಾಗುತ್ತದೆ ಎಂದು ಕಾದೆ. ಅವಳು ನಗುನಗುತ್ತಾ ಬಂದಳು. ಯಾವ ಮಗು ಏನು ಕೇಳಿತು, ಯಾವುದು ಕಥೆ ಕಟ್ಟಿತು ಎಂದು ಊಟದ ತುಂಬಾ ಅದೇ ಮಾತು. ತರಗತಿ ಹನ್ನೊಂದೂವರೆಗೇ ಮುಗಿಯುತ್ತಿದ್ದರಿಂದ ಮಧ್ಯಾಹ್ನದ ನಿದ್ದೆಗೂ ಏನೂ ಕುಂದಾಗಲಿಲ್ಲ; ಬೆಳಗಿನ ದುಡಿಮೆಯಿಂದ ಅದು ಇನ್ನಷ್ಟು ಗಾಢವಾಯಿತು. ಅಂದರೆ ನಾನು ಹೊಟ್ಟೆಕಿಚ್ಚು ಪಡಲು ಮೊದಲು ಒಂದು ಕಾರಣವಿತ್ತು, ಈಗ ನಾನೇ ಠರಾವು ಮಾಡಿಸಿ ಎರಡು ಮಾಡಿಕೊಂಡಿದ್ದೆ.

ಅದೇ ಹೊತ್ತಿಗೆ ಹುಳುಮನೆಯಲ್ಲಿ ನಾಲ್ಕನೇ ಜ್ವರ. ಹುಳು ಸಾಕದವರಿಗೆ ಇದನ್ನು ಹೇಳಬೇಕು. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ; ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ, ಏನೂ ತಿನ್ನುವುದಿಲ್ಲ. ಆಗ ಸೊಪ್ಪು ನಿಲ್ಲಿಸಿ, ಸುಣ್ಣದ ಪುಡಿ ಉದುರಿಸಿ, ಎಲ್ಲವೂ ಏಳುವ ತನಕ ಕಾಯಬೇಕು. ಆತುರಪಟ್ಟು ಸೊಪ್ಪು ಹಾಕಿದರೆ ಮೊದಲು ಎದ್ದವು ತಿಂದು ಬಲಿಯುತ್ತವೆ, ಉಳಿದವು ಸೊಪ್ಪಿನಡಿ ಸಿಕ್ಕಿ ಹಿಂದೆ ಬೀಳುತ್ತವೆ, ಬೆಳೆ ಏರುಪೇರಾಗುತ್ತದೆ. ಯಾವ ಗಳಿಗೆಗೆ ನಿಲ್ಲಿಸಬೇಕು ಎಂಬುದೇ ಕಣ್ಣಿನ ಕೆಲಸ. ಆ ಕಣ್ಣು ಇರುವುದು ರತ್ನಳಿಗೆ, ನನಗಲ್ಲ. ಸಂಶಯ ಬಂದಾಗಲೆಲ್ಲ ಫೋಟೊ ತೆಗೆದು ಕಳಿಸಿ, ಫೋನು ಮಾಡಿ ಕೇಳುವುದು ನನ್ನ ಪದ್ಧತಿ. "ಇನ್ನೊಂದು ಸೊಪ್ಪು ಕೊಡಿ" ಅಥವಾ "ನಿಲ್ಸಿ" ಎಂದು ಆ ಕಡೆಯಿಂದ ಅಪ್ಪಣೆಯಾಗುತ್ತಿತ್ತು.

ವಿಶೇಷ ತರಗತಿ ಶುರುವಾದ ಮೇಲೆ ಮಾತ್ರ ಒಂದು ದಿನವೂ ಫೋನು ಮಾಡಲಿಲ್ಲ. ರಜೆ ಕಿತ್ತುಕೊಂಡವನೇ ಈಗ ಸಹಾಯ ಕೇಳುವುದು ಹೇಗೆ ಎಂಬ ಬಿಗುಮಾನ. ನಾನೇ ಬಗ್ಗಿ ನೋಡಿದೆ, ಅರ್ಧದಷ್ಟು ಇನ್ನೂ ಆಡುತ್ತಿವೆ ಅನ್ನಿಸಿತು, ಧಾರಾಳವಾಗಿ ಸೊಪ್ಪು ಹಾಸಿದೆ. ಹನ್ನೆರಡಕ್ಕೆ ರತ್ನ ಬಂದು ಒಂದು ಕಡ್ಡಿ ಎತ್ತಿ ನೋಡಿದಳು. "ಅಯ್ಯೋ ರೀ, ಜ್ವರಕ್ಕೆ ಕೂತವೆಯಲ್ಲ! ಬಾಯಿ ಮುಚ್ಚಿಕೊಂಡಿರೋರಿಗೆ ಯಾರಾದ್ರೂ ಊಟ ಬಡಿಸ್ತಾರಾ?" ಎಂದಳು. ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು. ಕೊನೆಗೆ ಅರ್ಧ ಹುಳು ಹಣ್ಣಾಗಿ ಗೂಡು ಕಟ್ಟುವಾಗ ಇನ್ನರ್ಧ ಸೊಪ್ಪಿಗೆ ಬಾಯಿ ಬಾಯಿ ಬಿಡುತ್ತಿದ್ದವು. ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರು ನನ್ನ ಗೂಡನ್ನು ಒಂದು ಹಿಡಿ ಎತ್ತಿ ಅದುಮಿ ನೋಡಿ, ಬೆಲೆ ಹೇಳದೆ ಮುಂದಿನ ತಟ್ಟೆಗೆ ಹೋದರು. ಮಾಡಿದ್ದುಣ್ಣೋ ಮಹಾರಾಯ.

ಆದರೆ ಬಿ.ಎ. ಓದಿದವನಿಗೆ ನಷ್ಟದಿಂದಲೂ ಒಂದು ಸಿದ್ಧಾಂತ ಹುಟ್ಟುತ್ತದೆ. ಮೇ ಕೊನೆಯಲ್ಲಿ ಮತ್ತೆ ಸಭೆ ಸೇರಿತು. ವಿಶೇಷ ತರಗತಿಯನ್ನು ಪ್ರತಿ ವರ್ಷವೂ ನಡೆಸಬೇಕೆ ಎಂಬುದು ವಿಷಯ. ಇನ್ನೊಂದು ಬೇಸಿಗೆ ಬೆಳೆ ಹೀಗಾದರೆ ನನ್ನ ಗತಿ ಮುಗಿಯಿತು ಎಂಬ ಭಯದಲ್ಲಿ ಎದ್ದು ನಿಂತೆ. ಹುಳು ತಿನ್ನುವಾಗ ಮಾತ್ರವಲ್ಲ, ಜ್ವರಕ್ಕೆ ಕೂತಾಗಲೂ ಬೆಳೆಯುತ್ತದೆ, ಮಕ್ಕಳೂ ಹಾಗೆಯೇ, ಬೇಸಿಗೆ ರಜೆ ಎಂದರೆ ಮಕ್ಕಳ ಜ್ವರ, ಆಗ ಪಾಠದ ಸೊಪ್ಪು ಹಾಕಬಾರದು ಎಂದು ಸುಮಾರು ಹತ್ತು ನಿಮಿಷ ಮಾತಾಡಿದೆ. ಎಲ್ಲರದೂ ಹುಳು ಸಾಕುವ ಮನೆಗಳೇ. ತಲೆಗಳು ಆಡಿದವು. ಇಷ್ಟು ಒಳ್ಳೆಯ ಮಾತು ನನ್ನ ಬಾಯಲ್ಲಿ ಬಂದದ್ದಕ್ಕೆ ನನಗೇ ಖುಷಿಯಾಯಿತು.

ಕೆಂಪಮ್ಮಜ್ಜಿ ಎಲೆಅಡಿಕೆಯನ್ನು ದವಡೆಯ ಆ ಕಡೆಗೆ ತಳ್ಳಿ, "ಜ್ವರ ಒಂದಿನ ಕಣಪ್ಪ. ಎಲ್ಡ್ ತಿಂಗ್ಳು ಜ್ವರ ಬಂದ್ರೆ ಹುಳ ಉಳೀತವಾ?" ಎಂದಳು.

ಸಭೆ ನಕ್ಕಿತು. ಹತ್ತು ನಿಮಿಷದ ಸಿದ್ಧಾಂತ ಅಲ್ಲಿಗೇ ಮಲಗಿತು.

ಅಜ್ಜಿ ನಗಲಿಲ್ಲ. "ನಮ್ ಸಿಂಚನ ಮೂರ್ ವರ್ಸದಿಂದ ಒಂದಕ್ಸರ ಕೂಡ್ಸಿ ಓದ್ತಿರ್ಲಿಲ್ಲ. ಈ ಇಪ್ಪತ್ ದಿನದಾಗೆ ಓದ್ತಾ ಅವ್ಳೆ. ಮೊನ್ನೆ ನನ್ನ ಮಾತ್ರೆ ಡಬ್ಬಿ ಮೇಲಿಂದು ಓದಿ, 'ಅಜ್ಜಿ, ಇದು ಊಟ ಆದ್ಮೇಲೆ ನುಂಗ್ಬೇಕು' ಅಂದ್ಲು. ನಾನು ಇಷ್ಟು ದಿನ ಬರೀ ಹೊಟ್ಟೇಲಿ ನುಂಗ್ತಿದ್ದೆ." ಎಲೆಅಡಿಕೆಯನ್ನು ಮತ್ತೆ ಈ ಕಡೆಗೆ ತಂದುಕೊಂಡು ಮುಂದುವರಿಸಿದಳು. "ವರ್ಸವೆಲ್ಲ ಬಾರದ್ದು ಈಗೆಂಗವ್ವಾ ಬಂತು ಅಂತ ಕೇಳ್ದೆ. 'ಈಗ ಮಿಸ್ಸು ನನ್ ಪಕ್ಕದಲ್ಲೇ ಕೂತಿರ್ತಾರೆ, ಫೋನ್ ಬಂತು ಅಂತ ಎದ್ದು ಹೋಗಲ್ಲ' ಅಂತು."

ರಾಜಣ್ಣ ಅಡ್ಡ ಬಾಯಿ ಹಾಕಿದ. "ಅದು ಮೇಲಿನೋರ ಫೋನು ಕಣಜ್ಜಿ. ಎಷ್ಟ್ ಮಕ್ಳು ಮೊಟ್ಟೆ ತಿಂದ್ವು, ಎಷ್ಟ್ ಬಾಳೆಹಣ್ಣು ತಿಂದ್ವು, ಫೋಟೊ ಹಾಕಿ, ಪಟ್ಟಿ ಕಳ್ಸಿ ಅಂತ. ರಜದಾಗೆ ಅವ್ರೂ ಸುಮ್ನಿರ್ತಾರೆ."

"ಅವ್ರುದ್ದೂ ಇರ್ಬೋದು. ಆದ್ರೆ ಮಗು ಹೇಳಿದ್ದು ಬ್ಯಾರೆ. ಮಿಸ್ಸು ಫೋನ್ನಾಗೆ ಯಾವಾಗ್ಲೂ ಹುಳದ್ ಇಚಾರನೇ ಮಾತಾಡ್ತಾರೆ ಅಂತು."

ಎಲ್ಲರೂ ನನ್ನ ಕಡೆ ತಿರುಗಿದರು. ರತ್ನ ಮಾತ್ರ ತಲೆ ತಗ್ಗಿಸಿ ಬರೆಯುತ್ತಲೇ ಇದ್ದಳು.

ನಿಮ್ಮ ಹತ್ತಿರ ಮುಚ್ಚಿಡುವುದೇನು? ಫೋಟೊ ಕಳಿಸಿ ಕೇಳುವ ಫೋನು ಒಂದು. ಅದಾದ ಮೇಲೆ ಸುಣ್ಣದ ಪುಡಿ ಎಲ್ಲಿಟ್ಟಿದ್ದೀಯ ಎಂದು ಇನ್ನೊಂದು. ಬೀಗದ ಕೈ, ಗ್ಯಾಸು, ಕರೆಂಟು. ಒಮ್ಮೊಮ್ಮೆ ಹುಳುವೂ ಇಲ್ಲ, ಬೀಗವೂ ಇಲ್ಲ. "ಊಟ ಆಯ್ತಾ" ಎಂದು ಹನ್ನೊಂದೂಕಾಲಿಗೇ ಕೇಳಿದ್ದುಂಟು. ನನಗೆ ಅವಳ ರಜೆಯ ಮೇಲೆ ಇದ್ದದ್ದು ಅಷ್ಟೇನೂ ದೊಡ್ಡ ಹೊಟ್ಟೆಕಿಚ್ಚಲ್ಲ. ಶಾಲೆಯಿದ್ದರೆ ಮಕ್ಕಳಿಗೆ ಸಿಗುತ್ತಾಳೆ, ಮನೆಗೆ ಬಂದರೆ ಮೊಟ್ಟೆಯ ಪಟ್ಟಿಗೆ ಸಿಗುತ್ತಾಳೆ, ರಜೆ ಬಂದರೆ ನಿದ್ದೆಗೆ ಸಿಗುತ್ತಾಳೆ, ನನಗೆ ಮಾತ್ರ ಸಿಗುವುದಿಲ್ಲ ಎಂಬುದು ನನ್ನ ಉರಿ. ಹಾಗಾಗಿ ದಿನಕ್ಕೆ ನಾಲ್ಕಾರು ಸಲ ಫೋನಿನಲ್ಲಿ ನನ್ನ ಪಾಲನ್ನು ಕಿತ್ತುಕೊಳ್ಳುತ್ತಿದ್ದೆ. ಅದು ಯಾರ ತಟ್ಟೆಯಿಂದ ಎಂದು ಯೋಚಿಸಿರಲಿಲ್ಲ. ಬಿಗುಮಾನದಿಂದ ನಾನು ಬಾಯಿ ಮುಚ್ಚಿಕೊಂಡಿದ್ದ ಇಪ್ಪತ್ತು ದಿನದಲ್ಲಿ ನನ್ನ ಬೆಳೆ ಕೆಟ್ಟಿತ್ತು, ಸಿಂಚನ ಓದಲು ಕಲಿತಿದ್ದಳು.

"ದಿನ ಜಾಸ್ತಿ ಮಾಡಾದೂ ಬ್ಯಾಡ, ಕಮ್ಮಿ ಮಾಡಾದೂ ಬ್ಯಾಡ" ಎಂದಳು ಕೆಂಪಮ್ಮಜ್ಜಿ. "ರಜ ಮಿಸ್ಸಿಗೂ ಬೇಕು, ಮಕ್ಳಿಗೂ ಬೇಕು. ಇಸ್ಕೂಲ್ ಇದ್ದಾಗ ಬೆಳಗ್ಗೆ ಬೆಲ್ ಹೊಡೆದಾಗಿಂದ ಊಟದ ಬೆಲ್ ಗಂಟ ಮಿಸ್ಸು ಮಕ್ಳುದ್ದು. ಯಾರೂ ಕರೀಬಾರ್ದು. ಬರ್ಕೊಳವ್ವ."

"ಮೇಲಿನೋರಿಗೆ ನಾವು ಹಂಗನ್ನಾಕಾಯ್ತದಾ?" ಎಂದ ರಾಜಣ್ಣ.

"ಅವ್ರಿಗೆ ಅರ್ಜಿ ಕೊಡಾಣ. ಅಲ್ಲಿಗಂಟ ಕೈಗೆ ಸಿಕ್ಕಿರೋನ ತಾವ ಸೈನ್ ಹಾಕ್ಸು."

ರತ್ನ ಬರೆದು ಮುಗಿಸಿ ಪುಸ್ತಕವನ್ನು ನನ್ನ ಮುಂದೆ ತಳ್ಳಿದಳು. ಹೆಂಡತಿಯನ್ನು ಅರ್ಧ ದಿನ ಬಿಟ್ಟುಕೊಟ್ಟಿದ್ದೇನೆ ಎಂದು ಅವಳದೇ ಅಕ್ಷರದ ಕೆಳಗೆ ರುಜು ಹಾಕಿದ ಗಂಡ ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಮನೆಗೆ ಬರುವ ದಾರಿಯಲ್ಲಿ, "ಒಂದು ಮಾತು ಹೇಳಬಹುದಿತ್ತಲ್ಲ" ಎಂದೆ. "ನೀವು ಫೋನ್ ಮಾಡ್ದೇ ಇದ್ದಾಗ ನಂಗೂ ಒಂಥರಾ ಆಗೋದು ಕಣ್ರೀ" ಎಂದಳು. ನಾನು ಅವಳ ಚೀಲವನ್ನು ಇಸಿದುಕೊಂಡು ನನ್ನ ಹೆಗಲಿಗೆ ಹಾಕಿಕೊಂಡೆ.

ಈಗ ಶಾಲೆ ಶುರುವಾಗಿದೆ. ಬೆಳಗಿನ ಹೊತ್ತು ಹುಳುವಿನ ಮುಂದೆ ನಾನೇ ಕನ್ನಡಕ ಏರಿಸಿ ಬಗ್ಗುತ್ತೇನೆ. ಒಂದೊಂದು ಸಲ ಸರಿ ಹೋಗುತ್ತದೆ, ಒಂದೊಂದು ಸಲ ಇಲ್ಲ. ಶಾಲೆ ಇರುವುದು ನಮ್ಮ ತೋಟದಾಚೆಗೇ. ಗಾಳಿ ಈ ಕಡೆಗೆ ಬೀಸಿದರೆ ಯಾವುದೋ ಮಗು ಒಂದೇ ಸಾಲನ್ನು ತಡವರಿಸಿ ತಡವರಿಸಿ ಓದುವುದು ಕೇಳುತ್ತದೆ. ಅದು ತಪ್ಪಿದಲ್ಲೆಲ್ಲ ರತ್ನಳ ದನಿ ಮೆಲ್ಲಗೆ ಜೊತೆಗೂಡುತ್ತದೆ. ಎಷ್ಟು ಹೊತ್ತಾದರೂ ಅವಳು ಎದ್ದು ಹೋಗುವುದಿಲ್ಲ. ಆ ಮಗುವಿನ ಮೇಲೆ ನನಗೆ ಹೇಳಲಾರದಷ್ಟು ಹೊಟ್ಟೆಕಿಚ್ಚು. ಇದೊಂದನ್ನು ಮಾತ್ರ ಸಮಿತಿಯ ಮುಂದೆ ಇಡುವುದಿಲ್ಲ.