ಹಲ್ಲಿನ ಗುರುತಿನ ರಾಣಿ

ನವರಾತ್ರಿಗೆಂದು ಗೊಂಬೆಗಳ ಟ್ರಂಕು ತೆರೆದಾಗ ಈ ಸಲವೂ ಮೊದಲು ಕೈಗೆ ತಗುಲಿದ್ದು ಹಳೆಯ ಪಂಚೆಯಲ್ಲಿ ಸುತ್ತಿಟ್ಟ ಬಿಳಿ ಸಿಲಿಕೋನ್ ರಬ್ಬರಿನ ಗಡ್ಡೆ. ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಏನೂ ಆಗಲಿಲ್ಲವೆಂಬಂತೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಎದುರಿಸಿದ ಕೆಲವು ಪ್ರತಿವಾದಿಗಳೂ ಹೀಗೆಯೇ ಇದ್ದರು. ಗಡ್ಡೆಯ ಒಂದು ಪಕ್ಕದಲ್ಲಿ ಅಂಕುಡೊಂಕಾಗಿ ಸೀಳಿದ ಗಾಯವಿದೆ. ಅದರ ಕಥೆಯನ್ನು ನಿಮಗೆ ಹೇಳಬೇಕು.

ನಮ್ಮ ಮನೆಯಲ್ಲಿ ಮಗಳ ಮದುವೆಗೆ ತಾಯಿ ಪಟ್ಟದ ಗೊಂಬೆಗಳನ್ನು, ಅಂದರೆ ಮರದ ರಾಜ-ರಾಣಿಯರ ಜೋಡಿಯನ್ನು, ಕೊಡುವ ಪದ್ಧತಿ. ಅಮ್ಮನ ಬಳಿ ಇದ್ದದ್ದು ಅಜ್ಜಿ ಕೊಟ್ಟ ಒಂದೇ ಜೋಡಿ. ಹಿರಿಯವಳಾದ ನನ್ನೊಡನೆ ಅದು ಬಸವೇಶ್ವರನಗರದ ತವರಿನಿಂದ ವಿಜಯನಗರಕ್ಕೆ ಬಂತು. ಕೆಲವು ವರ್ಷಗಳ ಬಳಿಕ ತಂಗಿ ಶುಭಾಳ ಮದುವೆ ಗೊತ್ತಾದಾಗ ಅಮ್ಮ ಹೊಸ ಜೋಡಿ ಕೊಳ್ಳಲು ಹೊರಟಳು. ಶುಭಾ ಒಪ್ಪಲಿಲ್ಲ. ಹಲ್ಲು ಮೂಡುವ ಕಾಲದಲ್ಲಿ ಅವಳು ರಾಣಿಯ ಭುಜವನ್ನು ಕಚ್ಚಿದ್ದಳು. ಗುರುತು ಇನ್ನೂ ಇತ್ತು. "ನನ್ನ ಹಲ್ಲು ಬಿದ್ದಿರೋ ರಾಣಿ ನನಗೇ ಸೇರ್ಬೇಕು" ಎಂಬುದು ಅವಳ ಹಕ್ಕೊತ್ತಾಯ.

ಸಮಾನತೆಯ ವಿಷಯದಲ್ಲಿ ನಾನು ಬಹುಮಾನ ಪಡೆದವಳು. ಪದ್ಧತಿಯೊಂದು ಒಬ್ಬ ಮಗಳಿಗೆ ಮಾತ್ರ ಒಲಿಯುವುದಾದರೆ ತಿದ್ದಬೇಕಾದದ್ದು ಪದ್ಧತಿಯನ್ನೇ ಎಂದು ತೀರ್ಮಾನಿಸಿ, ರಾಜಾಜಿನಗರದ ಅಂಗಡಿಯಿಂದ ಸಿಲಿಕೋನ್ ತಂದೆ. ಅದರಲ್ಲಿ ಅಚ್ಚು ತೆಗೆದು, ಕಲ್ಲಿನಂತೆ ಗಟ್ಟಿಯಾಗುವ ರೆಸಿನ್ ದ್ರವದ ಎರಕ ಹೊಯ್ದರೆ ಇಬ್ಬರಿಗೂ ಒಂದೊಂದು ಜೋಡಿ! ಅಸಲಿಗೂ ಪ್ರತಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರದೆಂದು ಭಾಷಣವನ್ನೂ ಮಾಡಿದೆ.

"ವ್ಯತ್ಯಾಸ ಇಲ್ಲ ಅಂದ್ಮೇಲೆ ಆ ಕಾಪಿ ನೀನೇ ಇಟ್ಕೋ ಅಕ್ಕ. ಒರಿಜಿನಲ್ ನಂಗೆ ಕೊಡು" ಎಂದಳು ಶುಭಾ.

ವೇದಿಕೆಯ ಮೇಲೆ ಯಾರೂ ನನ್ನನ್ನು ಹೀಗೆ ಕಟ್ಟಿಹಾಕಿರಲಿಲ್ಲ. "ಮೊದಲು ಅಚ್ಚು ಆಗ್ಲಿ" ಎಂದು ಮಾತು ತೇಲಿಸಿದೆ.

ತವರಿನ ಅಡುಗೆಮನೆಯೇ ಕಾರ್ಯಾಗಾರವಾಯಿತು. ರಾಣಿಯನ್ನು ಮೈಸೂರು ಪಾಕಿನ ಡಬ್ಬದಲ್ಲಿ ಬೋರಲು ಮಲಗಿಸಿ, ಅರ್ಧದಷ್ಟು ಜೇಡಿಮಣ್ಣಿನಲ್ಲಿ ಹೂತು, ಮೇಲಿನ ಅರ್ಧಕ್ಕೆ ಹಾರ್ಡನರ್ ಬೆರೆಸಿದ ಸಿಲಿಕೋನ್ ಹೊಯ್ದೆ. ದೋಸೆಹಿಟ್ಟಿನಂತೆ ಇಳಿದದ್ದು ಮರುದಿನಕ್ಕೆ ಹಾಲುಬಾಯಿಯಂತೆ ಗಟ್ಟಿಯಾಯಿತು. ಇನ್ನು ಮಗುಚಿ, ಮಣ್ಣು ತೆಗೆದು, ಇನ್ನೊಂದು ಅರ್ಧ ಹೊಯ್ಯಬೇಕು. ಸಿಲಿಕೋನ್ ಬೇರೆ ಯಾವುದಕ್ಕೂ ಸುಲಭವಾಗಿ ಅಂಟದು. ತನ್ನ ಜಾತಿಗೆ ಮಾತ್ರ ಬಿಡಿಸಲಾಗದಂತೆ ಅಂಟಿಕೊಳ್ಳುತ್ತದೆ. ಈ ದುರ್ಗುಣದ ಮೇಲೆ ನಾನು ಪ್ರತ್ಯೇಕ ಭಾಷಣವನ್ನೇ ಮಾಡಬಲ್ಲೆ, ಈಗ ಬೇಡ. ಎರಡು ಅರ್ಧಗಳು ಅಂಟದಿರಲೆಂದು ನಡುವೆ ವ್ಯಾಸಲೀನ್ ಬಳಿದಿಟ್ಟು, ಹಿತ್ತಿಲಲ್ಲಿ ಸಿಲಿಕೋನ್ ಕಲಸಿ ತಂದು, ಅವಸರದಲ್ಲಿ ಡಬ್ಬದೊಳಗೆ ಸರಿಯಾಗಿ ನೋಡದೆಯೇ ಹೊಯ್ದೆ.

ಮರುದಿನ ಎಷ್ಟು ಎಳೆದರೂ ಅರ್ಧಗಳು ಬೇರೆಯಾಗಲಿಲ್ಲ. ಎಲ್ಲ ಸೇರಿ ಒಂದೇ ಗಡ್ಡೆ, ಅದರೊಳಗೆ ರಾಣಿ.

"ಅಮ್ಮಾ, ಇದನ್ನ ಯಾರಾದ್ರೂ ಮುಟ್ಟಿದ್ರಾ?"

"ಒರೆಸಿದೆ ಕಣೇ. ನೀನು ಅವಳ ಮೈಗೆಲ್ಲ ಜಿಡ್ಡು ಮೆತ್ತಿ ಹಿತ್ತಿಲಿಗೆ ಹೋಗಿದ್ದೆ. ಪಟ್ಟದ ರಾಣೀನ ಯಾರಾದ್ರೂ ಹಾಗೆ ಮಲಗಿಸ್ತಾರಾ? ಸುತ್ತಮುತ್ತ ಎಲ್ಲಾ ನೀಟಾಗಿ ಒರೆಸಿ, ಹಣೆಗೆ ಕುಂಕುಮ ಇಟ್ಟೆ."

ಮೇಜಿನ ಮೇಲೆ ರಾಜ ಒಬ್ಬನೇ ನಿಂತಿದ್ದ. ಶುಭಾ ಅವನನ್ನೂ ಗಡ್ಡೆಯನ್ನೂ ನೋಡಿ, "ಸಮಾನತೆ ಬಂತು ಬಿಡಕ್ಕ. ಈಗ ಇಬ್ಬರಿಗೂ ರಾಣಿ ಇಲ್ಲ" ಎಂದಳು. ನಗುತ್ತಲೇ ಹೇಳಿದಳು, ಕಣ್ಣು ಮಾತ್ರ ತುಂಬಿತ್ತು.

ಬ್ಲೇಡು ಹಿಡಿದವಳೂ ಅವಳೇ. ಅಂಕುಡೊಂಕಾಗಿ ಕೊಯ್ದರೆ ಅಂಚುಗಳು ಮತ್ತೆ ಸರಿಯಾಗಿ ಕೂಡುತ್ತವೆಂದು ನಾನು ಓದಿದ್ದೆ. ಹಾಗೆಯೇ ಕೊಯ್ಯುತ್ತ ಬಂದಳು.

"ಮೂಗು ಜೋಪಾನ ಕಣೇ!"

"ಮೂಗು ಆ ಕಡೆ ಇದೆಯಮ್ಮ, ಸುಮ್ನಿರು. ಒರೆಸಿದ್ದು ಸಾಲ್ದಾ?"

ರಬ್ಬರು ಬಾಯಿ ತೆರೆಯಿತು. ರಾಣಿ ಒಂದು ಗೀರೂ ಇಲ್ಲದೆ ಹೊರಬಂದಳು. ಕುಂಕುಮವನ್ನು ಮಾತ್ರ ಒಳಗೇ ಬಿಟ್ಟು ಬಂದಿದ್ದಳು. ಸೀಳನ್ನು ಬಿಗಿದು ಕಟ್ಟಿ ಎರಕ ಹೊಯ್ದೆವು. ಭುಜದ ಹಲ್ಲಿನ ಗುರುತು ಹಾಗೆಯೇ ಮೂಡಿತು. ಜೊತೆಗೆ ಅಸಲಿಯಲ್ಲಿಲ್ಲದ ಎರಡು ಸಂಗತಿಗಳೂ ಬಂದವು: ಪಕ್ಕದಲ್ಲಿ ಸೀಳಿನ ತೆಳುಗೆರೆ, ಹಣೆಯಲ್ಲಿ ಎರಕದೊಳಗೇ ಬೆರೆತುಹೋದ ಅಮ್ಮನ ಕುಂಕುಮ. ರಾಜನ ಅಚ್ಚನ್ನು ಅಮ್ಮನನ್ನು ದೇವಸ್ಥಾನಕ್ಕೆ ಕಳಿಸಿ ಮಾಡಿದೆವು.

ಮದುವೆಯ ದಿನ, ಸೋತವರು ಗೆದ್ದವರ ಕೈ ಕುಲುಕುವ ಮುಖಭಾವದಲ್ಲಿ, ಅಸಲಿ ಜೋಡಿಯನ್ನು ಶುಭಾಳಿಗೆ ಕೊಟ್ಟೆ. ಆಡಿದ ಮಾತಿಗೆ ಬೆಲೆ ಬೇಡವೇ?

ಈ ಸಲ ಟ್ರಂಕಿನ ಮುಂದೆ ಕುಳಿತಿದ್ದಾಗಲೇ ಕೆಂಗೇರಿಯಿಂದ ಅವಳ ಫೋನು ಬಂತು. "ಅಕ್ಕ, ಈ ಸಲ ಅದಲುಬದಲು ಮಾಡ್ಕೊಳ್ಳೋಣ. ಒರಿಜಿನಲ್ ಸ್ವಲ್ಪ ವರ್ಷ ನಿನ್ಹತ್ರ ಇರ್ಲಿ."

"ಬೇಡ ಕಣೇ. ನಂಗೆ ಇವಳೇ ಸಾಕು."

"ಯಾಕೆ? ವ್ಯತ್ಯಾಸವೇ ಇಲ್ಲ ಅಂದವಳು ನೀನೇ ಅಲ್ವಾ?"

"ಅದ್ರಲ್ಲಿ ಸೋತೆ ಬಿಡು" ಎಂದೆ. ಹಲವು ವರ್ಷಗಳಲ್ಲಿ ನಾನು ಇಷ್ಟು ಸಂತೋಷದಿಂದ ಸೋತದ್ದಿಲ್ಲ. ರಾಣಿಯನ್ನು ಮೇಲಿನ ಮೆಟ್ಟಿಲಲ್ಲಿ ನಿಲ್ಲಿಸಿದೆ. ಅವಳ ಹಣೆಗೆ ಕುಂಕುಮ ಇಡುವ ಕೆಲಸವೊಂದು ನನಗೆ ಉಳಿದಿರಲಿಲ್ಲ.